ಟಾವ್‌ಎಕ್ಸ್ ಅಂದರೆ ಯಾರು ಯಾರನ್ನು ಎಳೆದದ್ದು?

ಕಡಲ ಮೇಲೆ ಗಾಳಿ ಬೀಸಿದಾಗ ನೀರಿನ ಮೇಲ್ಪದರವನ್ನು ಒಂದಿಷ್ಟು ತನ್ನ ಜತೆ ಎಳೆದುಕೊಂಡು ಹೋಗುತ್ತದೆ. ಪ್ರತಿ ಚದರ ಮೀಟರಿಗೆ ಆ ಎಳೆತದ ಬಲ ಎಷ್ಟು ಎಂಬ ಲೆಕ್ಕವೇ ವಿಂಡ್ ಸ್ಟ್ರೆಸ್. ಅಂಕಿ ನೋಡಿದರೆ ನಗು ಬರುವಷ್ಟು ಸಣ್ಣದು. ಸೆಕೆಂಡಿಗೆ 10 ಮೀಟರ್ ವೇಗದ ಗಾಳಿ, ಅಂದರೆ ಕೊಡೆ ಹಿಡಿದು ನಡೆಯಲು ಕಷ್ಟವಾಗುವಂಥ ಗಾಳಿ, ಒಂದು ಚದರ ಮೀಟರ್ ಕಡಲನ್ನು ಎಳೆಯುವುದು ಸುಮಾರು 0.15 ನ್ಯೂಟನ್ ಬಲದಿಂದ. ಒಂದು ರೂಪಾಯಿಯ ನಾಲ್ಕೈದು ನಾಣ್ಯ ಅಂಗೈಯಲ್ಲಿಟ್ಟುಕೊಂಡರೆ ಎಷ್ಟು ಭಾರವೋ ಅಷ್ಟು. ಅಷ್ಟೇ ಎಳೆತ ಸಾವಿರಾರು ಕಿಲೋಮೀಟರ್ ಉದ್ದಕ್ಕೂ ವಾರಗಟ್ಟಲೆ ನಡೆದರೆ ಸೋಮಾಲಿಯಾ ಕರಾವಳಿಯ ಪ್ರವಾಹವೇ ದಿಕ್ಕು ಬದಲಿಸುತ್ತದೆ.

ಈ ಒಂದು ಪರಿಮಾಣಕ್ಕೆ ಡೇಟಾ ಫೈಲುಗಳಲ್ಲಿ ಇರುವ ಹೆಸರುಗಳು ಒಂದೆರಡಲ್ಲ. ನೆಮೊ ಎಂಬ ಸಾಗರ ಮಾದರಿಯಲ್ಲಿ ಯುಟಾವ್, ರೋಮ್ಸ್‌ನಲ್ಲಿ ಎಸ್‌ಯುಎಸ್‌ಟಿಆರ್, ಅಮೆರಿಕದ ಸಿಇಎಸ್ಎಂ ಎಂಬ ಹವಾಗುಣ ಮಾದರಿಯಲ್ಲಿ ಟಾವ್‌ಎಕ್ಸ್, ಯುರೋಪಿನ ಇಆರ್‌ಎ5 ಮರುವಿಶ್ಲೇಷಣೆಯಲ್ಲಿ ಇಡಬ್ಲ್ಯುಎಸ್ಎಸ್. ಈ ಗೊಂದಲಕ್ಕೆ ಮದ್ದಾಗಿ ಹವಾಗುಣ ಮತ್ತು ಮುನ್ಸೂಚನೆಯ ಡೇಟಾಕ್ಕೆಂದೇ ಸಿಎಫ್ ಎಂಬ ಒಪ್ಪಂದದ ಮೊದಲ ಆವೃತ್ತಿ 2003ರಲ್ಲಿ ಬಂತು. ಅದು ಬಂದು ಇಪ್ಪತ್ತು ವರ್ಷ ದಾಟಿದರೂ ಅದರ ಬಗೆಗಿನ ತಪ್ಪು ತಿಳಿವಳಿಕೆಗಳು ಹಾಗೇ ಉಳಿದಿವೆ.

ಕಲ್ಪನೆ: ವಿಂಡ್ ಸ್ಟ್ರೆಸ್ ಅಂದರೆ ಗಾಳಿಯ ಒತ್ತಡ.

ಈ ತಪ್ಪಿಗೆ ಅರ್ಧ ಕಾರಣ ನಮ್ಮ ಅನುವಾದಗಳೇ. ಸ್ಟ್ರೆಸ್ ಎಂಬ ಮಾತು ಕಂಡಲ್ಲೆಲ್ಲ ‘ಒತ್ತಡ’ ಎಂದು ಬರೆದು ಮುಂದೆ ಹೋಗುವುದು ನಮಗೆ ಅಭ್ಯಾಸವಾಗಿದೆ. ಉಳಿದರ್ಧ ಕಾರಣ ಏಕಮಾನ: ಎರಡನ್ನೂ ಪ್ಯಾಸ್ಕಲ್‌ನಲ್ಲೇ ಅಳೆಯುತ್ತಾರೆ. ಆದರೆ ವಾಯುವಿನ ಒತ್ತಡ ಮೇಲ್ಮೈಗೆ ನೇರವಾಗಿ ಒತ್ತುತ್ತದೆ, ಸಮುದ್ರಮಟ್ಟದಲ್ಲಿ ಸುಮಾರು 1,01,325 ಪ್ಯಾಸ್ಕಲ್. ವಿಂಡ್ ಸ್ಟ್ರೆಸ್ ಮೇಲ್ಮೈಯನ್ನು ಸವರಿಕೊಂಡು ಅಡ್ಡಡ್ಡ ಎಳೆಯುತ್ತದೆ, 0.15 ಪ್ಯಾಸ್ಕಲ್. ಮೇಜಿನ ಮೇಲೆ ಅಂಗೈ ಊರುವುದು ಒಂದು, ಮೇಜಿನ ಹೊದಿಕೆಯನ್ನು ಅಂಗೈಯಿಂದ ಪಕ್ಕಕ್ಕೆ ಜಾರಿಸುವುದು ಇನ್ನೊಂದು. ನಾನಂತೂ ಇದನ್ನು ‘ಗಾಳಿಯ ಎಳೆತ’ ಎಂದೇ ಕರೆಯುತ್ತೇನೆ.

ಕಲ್ಪನೆ: ಹೆಸರು ಏಕರೂಪಗೊಳಿಸುವುದೆಂದರೆ ಎಲ್ಲರೂ ತಮ್ಮ ಫೈಲಿನೊಳಗಿನ ಹೆಸರು ಬದಲಿಸಬೇಕು.

ಮಂಗಳೂರಿನ ಬೂತಾಯಿ ಕಾರವಾರಕ್ಕೆ ಹೋದರೆ ತಾರ್ಲೆ. ಮೀನು ಮಾರುವವರು ಇನ್ನುಮೇಲೆ ಬೀದಿಯಲ್ಲಿ ‘ಸಾರ್ಡಿನೆಲ್ಲಾ ಲಾಂಜಿಸೆಪ್ಸ್’ ಎಂದು ಕೂಗಬೇಕು ಎಂದು ಯಾರೂ ಹೇಳುವುದಿಲ್ಲ. ಮೀನುಗಾರಿಕೆಯ ದಾಖಲೆಯಲ್ಲಿ ಆ ಹೆಸರು ಪಕ್ಕದಲ್ಲಿ ಬರೆದಿದ್ದರೆ ಆಯಿತು.

ಸಿಎಫ್ ಮಾಡುವುದೂ ಅದನ್ನೇ. ನೆಟ್‌ಸಿಡಿಎಫ್ ಎಂಬ ಬಗೆಯ ಡೇಟಾ ಫೈಲಿನಲ್ಲಿ ನಿಮ್ಮ ವೇರಿಯೆಬಲ್‌ಗೆ ಟಾವ್‌ಎಕ್ಸ್ ಎಂದಿಡಿ, ಪುಟ್ಟಸ್ವಾಮಿ ಎಂದಿಡಿ, ಅದರ ತಕರಾರಿಲ್ಲ. ಆ ವೇರಿಯೆಬಲ್‌ಗೆ ಅಂಟಿಸಿದ ‘ಸ್ಟ್ಯಾಂಡರ್ಡ್ ನೇಮ್’ ಎಂಬ ಚೀಟಿಯಲ್ಲಿ ಮಾತ್ರ ಒಪ್ಪಿತ ಪಟ್ಟಿಯ ಹೆಸರಿರಬೇಕು: ‘ಸರ್ಫೇಸ್ ಡೌನ್‌ವರ್ಡ್ ಈಸ್ಟ್‌ವರ್ಡ್ ಸ್ಟ್ರೆಸ್’. ಮೀನಿನ ಹೋಲಿಕೆ ಒಂದು ಕಡೆ ಸೋಲುತ್ತದೆ. ಲ್ಯಾಟಿನ್ ಹೆಸರು ನೋಡಿ ಮೀನು ಹೇಗೆ ಈಜುತ್ತದೆ ಎಂದು ತಿಳಿಯದು. ಈ ಉದ್ದನೆಯ ಹೆಸರು ನೋಡಿದರೆ ಅಂಕಿಯನ್ನು ಹೇಗೆ ಓದಬೇಕೆಂದು ತಿಳಿಯುತ್ತದೆ. ಹೆಸರಿನ ವೇಷ ತೊಟ್ಟ ವಾಕ್ಯ ಅದು.

ಗೊಂದಲಕ್ಕೆ ಇನ್ನೊಂದು ಮೂಲವೂ ಉಂಟು. ಜಗತ್ತಿನ ಹವಾಗುಣ ಮಾದರಿಗಳನ್ನು ಹೋಲಿಸಿ ನೋಡುವ ಸಿಮಿಪ್ ಯೋಜನೆ ಸಿಎಫ್‌ಗಿಂತ ಬಿಗಿ. ಅಲ್ಲಿ ವಾತಾವರಣದ ಕಡೆಯಿಂದಾದರೆ ಟಾವ್‌ಯು, ಸಾಗರದ ಕಡೆಯಿಂದಾದರೆ ಟಾವ್‌ಯುಒ ಎಂದು ವೇರಿಯೆಬಲ್ ಹೆಸರನ್ನೂ ಗೊತ್ತುಮಾಡಿದ್ದಾರೆ. ಆ ಕಟ್ಟುಪಾಡನ್ನು ಸಿಎಫ್‌ನ ತಲೆಗೆ ಕಟ್ಟಿ ಬೈಯುವವರನ್ನು ನೋಡಿದ್ದೇನೆ.

ಕಲ್ಪನೆ: ಹೆಸರು ಒಂದೇ ಇದ್ದರೆ ವಸ್ತುವೂ ಒಂದೇ.

ಇದಕ್ಕೆ ಸಿಇಎಸ್ಎಂನಷ್ಟು ಒಳ್ಳೆಯ ಉದಾಹರಣೆ ನನಗೆ ಬೇರೆ ಸಿಕ್ಕಿಲ್ಲ. ಅದರ ವಾತಾವರಣ ಭಾಗದ ಹೆಸರು ಕ್ಯಾಮ್. ಅದಕ್ಕೆ ವರ್ಷಗಟ್ಟಲೆ ಜೋಡಿಯಾಗಿದ್ದ ಸಾಗರ ಭಾಗ ಪಾಪ್. ಎರಡರ ಫೈಲುಗಳಲ್ಲೂ ಟಾವ್‌ಎಕ್ಸ್ ಎಂಬ ವೇರಿಯೆಬಲ್ ಇದೆ. ಒಂದೇ ಮನೆಯಲ್ಲಿ ಬಾಳಿದ ಎರಡಕ್ಕೂ ಒಂದೇ ಹೆಸರಿದ್ದರೆ ಎರಡೂ ಒಂದೇ ಎಂದು ಯಾರಾದರೂ ನಂಬಿಯಾರು.

ಪಶ್ಚಿಮದಿಂದ ಪೂರ್ವಕ್ಕೆ ಸೆಕೆಂಡಿಗೆ 10 ಮೀಟರ್ ಗಾಳಿ ಬೀಸುತ್ತಿದೆ ಎಂದಿಟ್ಟುಕೊಳ್ಳಿ. ಪಾಪ್‌ನ ಟಾವ್‌ಎಕ್ಸ್ ತೆರೆದರೆ ಸುಮಾರು 1.5 ಸಿಗುತ್ತದೆ. ಕ್ಯಾಮ್‌ನ ಟಾವ್‌ಎಕ್ಸ್ ತೆರೆದರೆ ಮೈನಸ್ 0.15. ಹತ್ತುಪಟ್ಟು ವ್ಯತ್ಯಾಸ ಏಕೆಂದರೆ ಪಾಪ್ ಅಳೆಯುವುದು ಚದರ ಸೆಂಟಿಮೀಟರಿಗೆ ಡೈನ್ ಲೆಕ್ಕದಲ್ಲಿ. ಮೈನಸ್ ಏಕೆಂದರೆ ಕ್ಯಾಮ್ ಹೇಳುತ್ತಿರುವುದು ಕಡಲು ಗಾಳಿಯನ್ನು ಹಿಂದಕ್ಕೆಳೆದ ಕಥೆ, ಪಾಪ್ ಹೇಳುತ್ತಿರುವುದು ಗಾಳಿ ಕಡಲನ್ನು ಮುಂದಕ್ಕೆಳೆದ ಕಥೆ. ನ್ಯೂಟನ್ನನ ಮೂರನೆಯ ನಿಯಮದ ಪ್ರಕಾರ ಎರಡೂ ಸರಿ. ಮೂರನೆಯ ವ್ಯತ್ಯಾಸ ಇನ್ನೂ ಒಳಗಿನದು. ಕ್ಯಾಮ್‌ನ ‘ಎಕ್ಸ್’ ಪೂರ್ವ ದಿಕ್ಕು, ಪಾಪ್‌ನ ‘ಎಕ್ಸ್’ ಗ್ರಿಡ್ಡಿನ ಅಡ್ಡಗೆರೆಯ ದಿಕ್ಕು. ಪಾಪ್‌ನ ಗ್ರಿಡ್ಡಿನಲ್ಲಿ ಉತ್ತರ ಧ್ರುವವನ್ನು ಕಿತ್ತು ಗ್ರೀನ್‌ಲ್ಯಾಂಡಿನ ನೆಲದ ಮೇಲೆ ನೆಟ್ಟಿರುತ್ತಾರೆ. ರೇಖಾಂಶಗಳೆಲ್ಲ ಒಂದೆಡೆ ಕೂಡುವ ಆ ತೊಂದರೆಯ ಬಿಂದು ನೀರಿನಲ್ಲಿದ್ದರೆ ಲೆಕ್ಕ ಕೆಡುತ್ತದೆ, ನೆಲದ ಮೇಲಿದ್ದರೆ ಸಾಗರದ ಮಾದರಿಗೆ ಅದರ ಗೊಡವೆಯಿಲ್ಲ. ಅರಬ್ಬೀ ಸಮುದ್ರದಲ್ಲಿ ಈ ಎರಡು ‘ಎಕ್ಸ್’ಗಳ ನಡುವೆ ಹೇಳಿಕೊಳ್ಳುವಂಥ ಅಂತರವಿಲ್ಲ, ಆರ್ಕ್‌ಟಿಕ್‌ನಲ್ಲಿ ಅವಕ್ಕೆ ಸಂಬಂಧವೇ ಇಲ್ಲ. ಸಿಎಫ್ ಪಟ್ಟಿಯಲ್ಲಿ ‘ಈಸ್ಟ್‌ವರ್ಡ್ ಸ್ಟ್ರೆಸ್’ ಬೇರೆ, ‘ಎಕ್ಸ್ ಸ್ಟ್ರೆಸ್’ ಬೇರೆ ಎಂದು ಎರಡು ಹೆಸರು ಇಟ್ಟಿರುವುದು ಇದಕ್ಕೇ.

ಕಲ್ಪನೆ: ‘ಡೌನ್‌ವರ್ಡ್’ ಎಂದಿರುವುದರಿಂದ ಗಾಳಿ ನೀರನ್ನು ಕೆಳಕ್ಕೆ ಒತ್ತುತ್ತಿದೆ.

ಹೊಸಬರಲ್ಲಿ ಹೆಚ್ಚಿನವರು ಎಡವುವುದು ಇಲ್ಲಿ. ಕೆಳಮುಖ ಎನ್ನುತ್ತೀರಿ, ಪೂರ್ವಮುಖ ಎನ್ನುತ್ತೀರಿ, ಒಂದು ಬಲಕ್ಕೆ ಎರಡು ದಿಕ್ಕು ಹೇಗೆ? ಪ್ರಶ್ನೆ ನ್ಯಾಯವಾದದ್ದೇ.

ಗಾಳಿಯ ಹತ್ತಿರ ಪೂರ್ವದಿಕ್ಕಿನ ಸಂವೇಗ ಇದೆ. ಅದರಲ್ಲಿ ಒಂದು ಪಾಲನ್ನು ಅದು ಕೆಳಗಿರುವ ಕಡಲಿಗೆ ಕೊಡುತ್ತದೆ. ಕೊಟ್ಟ ಸರಕು ಪೂರ್ವದಿಕ್ಕಿನ ಸಂವೇಗ, ಸರಕು ಸಾಗಿದ ದಾರಿ ಮೇಲಿನಿಂದ ಕೆಳಕ್ಕೆ. ಮಹಡಿಯಿಂದ ಹಗ್ಗ ಕಟ್ಟಿ ಬುಟ್ಟಿ ಇಳಿಸಿದ ಹಾಗೆ, ಬುಟ್ಟಿಯೊಳಗಿನ ಬಾಣ ಮಾತ್ರ ಪೂರ್ವಕ್ಕೆ ಮುಖ ಮಾಡಿದೆ. ಇಳಿಸಿಕೊಂಡ ಕಡಲು ಪೂರ್ವಕ್ಕೆ ವೇಗ ಪಡೆಯುತ್ತದೆ, ಕಳೆದುಕೊಂಡ ಗಾಳಿ ಅಷ್ಟರಮಟ್ಟಿಗೆ ನಿಧಾನವಾಗುತ್ತದೆ. ‘ಡೌನ್‌ವರ್ಡ್’ ಎಂಬ ಒಂದು ಪದ ಯಾರು ಯಾರನ್ನು ಎಳೆದರು ಎಂಬ ಜಗಳವನ್ನು ತೀರ್ಮಾನಿಸಿಬಿಡುತ್ತದೆ. ಅದನ್ನು ‘ಅಪ್‌ವರ್ಡ್’ ಎಂದು ಬದಲಿಸಿದರೆ ಅಂಕಿಯ ಚಿಹ್ನೆಯೂ ಬದಲಾಗಬೇಕು.

ಚಿಹ್ನೆ ತಪ್ಪಿದರೆ ಏನಾದೀತು ಎಂಬುದನ್ನು ನಮ್ಮ ಕರಾವಳಿಯಲ್ಲೇ ನೋಡಬಹುದು. ಮುಂಗಾರಿನ ತಿಂಗಳುಗಳಲ್ಲಿ ಕೇರಳ–ಕರ್ನಾಟಕದ ತೀರದುದ್ದಕ್ಕೂ ಗಾಳಿಯ ಎಳೆತಕ್ಕೆ ದಕ್ಷಿಣಮುಖವಾದ ಒಂದು ಅಂಶ ಇರುತ್ತದೆ. ಭೂಮಿ ತಿರುಗುವುದರಿಂದ ಉತ್ತರಾರ್ಧಗೋಳದಲ್ಲಿ ಮೇಲ್ಪದರದ ನೀರು ಒಟ್ಟಾರೆ ಗಾಳಿಯ ಬಲಕ್ಕೆ ತಿರುಗಿ ಸಾಗುತ್ತದೆ. ಸ್ವೀಡನ್ನಿನ ಎಕ್‌ಮನ್ 1905ರಲ್ಲಿ ಇದರ ಲೆಕ್ಕ ಕೊಟ್ಟ. ದಕ್ಷಿಣಕ್ಕೆ ಮುಖ ಮಾಡಿ ನಿಂತವನ ಬಲಗೈ ಪಶ್ಚಿಮಕ್ಕೆ, ಅಂದರೆ ತೀರದಿಂದ ಆಚೆಗೆ. ಮೇಲಿನ ನೀರು ಆಚೆ ಸರಿದ ಜಾಗಕ್ಕೆ ತಳದಿಂದ ತಣ್ಣನೆಯ, ಪೋಷಕಾಂಶ ತುಂಬಿದ ನೀರು ಏಳುತ್ತದೆ, ಅದನ್ನು ತಿಂದು ಪ್ಲಾಂಕ್ಟನ್ ಬೆಳೆಯುತ್ತದೆ, ಅದರ ಹಿಂದೆ ಬೂತಾಯಿ ಬರುತ್ತದೆ. ಈಗ ಚಿಹ್ನೆ ತಿರುಗಿಸಿ. ಕಂಪ್ಯೂಟರಿನೊಳಗಿನ ಕಡಲಿನಲ್ಲಿ ನೀರು ತೀರಕ್ಕೆ ಬಂದು ಗುಡ್ಡೆಯಾಗಿ ಕೆಳಗಿಳಿಯುತ್ತದೆ. ಮಾದರಿ ನಿಲ್ಲುವುದಿಲ್ಲ, ದೋಷದ ಸಂದೇಶ ಬರುವುದಿಲ್ಲ. ಬಣ್ಣಬಣ್ಣದ ನಕ್ಷೆಯೂ ಬರುತ್ತದೆ, ಅದರಲ್ಲಿ ಮೀನು ಮಾತ್ರ ಇರಬೇಕಾದಲ್ಲಿ ಇರುವುದಿಲ್ಲ.

ಕಲ್ಪನೆ: ‘ಪಶ್ಚಿಮ ಗಾಳಿ’ ಎಂದರೆ ಎಲ್ಲರಿಗೂ ಗೊತ್ತು.

ನೈಋತ್ಯ ಮುಂಗಾರು ನೈಋತ್ಯಕ್ಕೆ ಹೋಗುವುದಿಲ್ಲ, ನೈಋತ್ಯದಿಂದ ಬರುತ್ತದೆ. ಗಾಳಿಯವರು ಎಲ್ಲಿಂದ ಬಂತು ಎಂದು ಹೇಳುತ್ತಾರೆ, ನೀರಿನವರು ಎಲ್ಲಿಗೆ ಹೋಯಿತು ಎಂದು. ಎಳೆತ ಇಬ್ಬರಿಗೂ ಸೇರಿದ ಸೊತ್ತು. ಹಾಗಾಗಿಯೇ ಪಟ್ಟಿಯಲ್ಲಿ ‘ವೆಸ್ಟರ್ಲಿ’ ಎಂಬ ಮಾತಿಗೆ ಜಾಗವಿಲ್ಲ, ‘ಈಸ್ಟ್‌ವರ್ಡ್’ ಎಂದೇ ಬರೆಯಬೇಕು. ದಿಕ್ಕನ್ನು ಕೋನದಲ್ಲಿ ಕೊಡುವುದಿದ್ದರೆ ‘ವಿಂಡ್ ಫ್ರಮ್ ಡೈರೆಕ್ಷನ್’, ‘ವಿಂಡ್ ಟು ಡೈರೆಕ್ಷನ್’ ಎಂದು ಎರಡು ಬೇರೆ ಬೇರೆ ಹೆಸರುಗಳೇ ಇವೆ.

ಕಲ್ಪನೆ: ಏಕಮಾನ ಸರಿಯಾಗಿ ಬರೆದಿದ್ದರೆ ಹೆಸರು ಹೇಗಿದ್ದರೂ ನಡೆಯುತ್ತದೆ.

ಫೈಲಿನಲ್ಲಿ ಏಕಮಾನ ‘ಮೀಟರ್ ವರ್ಗ ಪ್ರತಿ ಸೆಕೆಂಡ್ ವರ್ಗ’ ಎಂದಿದೆ ಅನ್ನಿ. ಅಮೆರಿಕದ ಫ್ಲಾರಿಡಾ ಸ್ಟೇಟ್ ವಿಶ್ವವಿದ್ಯಾಲಯದ ಹಳೆಯ ಗಾಳಿ ನಕ್ಷೆಗಳಲ್ಲಿ ಇದು ‘ಸ್ಯೂಡೋಸ್ಟ್ರೆಸ್’, ಅಂದರೆ ವೇಗವನ್ನು ವೇಗದಿಂದಲೇ ಗುಣಿಸಿದ್ದು. ನಮ್ಮ 10 ಮೀಟರಿನ ಗಾಳಿಗೆ ಅದು 100. ಎಳೆತವನ್ನು ಗಾಳಿಯ ಸಾಂದ್ರತೆಯಿಂದ ಭಾಗಿಸಿ ಇಡುವವರೂ ಇದೇ ಏಕಮಾನ ಬರೆಯುತ್ತಾರೆ, ಆಗ ಅದು ಸುಮಾರು 0.125. ಸಮುದ್ರದ ನೀರಿನ ಸಾಂದ್ರತೆಯಿಂದ ಭಾಗಿಸಿದರೆ 0.00015. ಏಕಮಾನ ಮೂರಕ್ಕೂ ಒಂದೇ, ಗಾಳಿಯೂ ಅದೇ. ಮೊದಲನೆಯದಕ್ಕೂ ಕೊನೆಯದಕ್ಕೂ ಆರೇಳು ಲಕ್ಷ ಪಟ್ಟು ಅಂತರ.

ಇಆರ್‌ಎ5ರ ಇಡಬ್ಲ್ಯುಎಸ್ಎಸ್ ಇನ್ನೊಂದು ಬಗೆಯ ಪಾಠ ಕಲಿಸುತ್ತದೆ. ಅದು ಆ ಕ್ಷಣದ ಎಳೆತವಲ್ಲ, ಒಂದು ಗಂಟೆಯುದ್ದಕ್ಕೂ ಕೂಡಿಟ್ಟ ಮೊತ್ತ. 0.15ರ ಬದಲು ಅಲ್ಲಿ 540 ಇರುತ್ತದೆ, 3600ರಿಂದ ಭಾಗಿಸಬೇಕು. ಅದೇ ಸಂಗ್ರಹದ ಮಾಸಿಕ ಸರಾಸರಿಯ ಫೈಲಿನಲ್ಲಾದರೆ ಮೊತ್ತ ದಿನದ ಲೆಕ್ಕದಲ್ಲಿದೆ, ಭಾಗಿಸಬೇಕಾದ್ದು 86,400ರಿಂದ. ಒಮ್ಮೆ ನಾನು ಗಂಟೆಯ ಫೈಲಿಗೆ ಬರೆದಿದ್ದ ಸಾಲನ್ನೇ ಮಾಸಿಕ ಫೈಲಿಗೂ ಓಡಿಸಿದೆ. ಅರಬ್ಬೀ ಸಮುದ್ರದಲ್ಲಿ ಜುಲೈ ತಿಂಗಳ ಸರಾಸರಿ ಎಳೆತ ಆರು ಪ್ಯಾಸ್ಕಲ್ ಬಂತು. ಚಂಡಮಾರುತದ ಹೊಡೆತ ಅದು, ತಿಂಗಳುಪೂರ್ತಿ! ಇಲ್ಲಿ ಏಕಮಾನದ ಸಾಲಿನಲ್ಲಿ ಹೆಚ್ಚುವರಿ ‘ಸೆಕೆಂಡ್’ ಕೂತಿತ್ತು ನಿಜ. ನಾನು ಅದನ್ನು ಓದಿರಲಿಲ್ಲ.

ಕಲ್ಪನೆ: ಇಷ್ಟೆಲ್ಲ ಏಕೆ, ಗಾಳಿಯ ವೇಗ ಇದ್ದರೆ ಎಳೆತ ನಾವೇ ಲೆಕ್ಕ ಹಾಕಿಕೊಳ್ಳಬಹುದು.

ಹಾಕಬಹುದು, ವೇಗ ಗಂಟೆಗಂಟೆಯದಾಗಿದ್ದರೆ. ಎಳೆತ ಹೆಚ್ಚುಕಡಿಮೆ ವೇಗದ ವರ್ಗಕ್ಕೆ ತಕ್ಕಂತೆ ಏರುತ್ತದೆ. ಅರ್ಧ ತಿಂಗಳು 4 ಮೀಟರ್, ಅರ್ಧ ತಿಂಗಳು 12 ಮೀಟರ್ ಗಾಳಿ ಒಂದೇ ದಿಕ್ಕಿಗೆ ಬೀಸಿದರೆ ಸರಾಸರಿ 8, ಅದರ ವರ್ಗ 64. ಮೊದಲು ವರ್ಗ ಮಾಡಿ ಆಮೇಲೆ ಸರಾಸರಿ ತೆಗೆದರೆ 80. ನಾಲ್ಕನೆಯ ಒಂದು ಪಾಲು ಹೆಚ್ಚು. ಅಲ್ಲದೆ ನೀರು ಸುಮ್ಮನೆ ನಿಂತಿರುವುದಿಲ್ಲ. ಗಾಳಿಯ ದಿಕ್ಕಿಗೇ ಹರಿಯುವ ನೀರಿಗೆ ಎಳೆತ ಕಡಿಮೆ ತಟ್ಟುತ್ತದೆ. ಇಸ್ರೋದ ಓಷನ್‌ಸ್ಯಾಟ್ ಸರಣಿಯ ಸ್ಕ್ಯಾಟರೋಮೀಟರುಗಳು ಕಡಲ ಸಣ್ಣ ತೆರೆಗಳಿಂದ ಚದುರಿದ ರೇಡಾರ್ ಅಲೆಗಳನ್ನು ಅಳೆಯುತ್ತವೆ. ಆ ತೆರೆಗಳನ್ನು ಎಬ್ಬಿಸುವುದು ಎಳೆತ. ಗಾಳಿಯ ವೇಗವೆಂದು ನಮ್ಮ ಕೈಗೆ ಕೊಡುವ ಅಂಕಿ ಅಲ್ಲಿಂದ ಲೆಕ್ಕ ಹಾಕಿ ಪಡೆದದ್ದು.

ಕಲ್ಪನೆ: ಒಮ್ಮೆ ಪಟ್ಟಿಗೆ ಸೇರಿದ ಹೆಸರು ಕಲ್ಲಿನಲ್ಲಿ ಕೆತ್ತಿದ್ದು.

ಟಾವ್‌ಯುಒ ಸಿಮಿಪ್‌ನ ಐದನೆಯ ಸುತ್ತಿನಲ್ಲಿ ‘ಸರ್ಫೇಸ್ ಡೌನ್‌ವರ್ಡ್ ಎಕ್ಸ್ ಸ್ಟ್ರೆಸ್’ ಎಂಬ ಹೆಸರು ಹೊತ್ತಿತ್ತು. ಸಿಎಫ್‌ನಲ್ಲಿ ‘ಸರ್ಫೇಸ್’ ಎಂದರೆ ವಾತಾವರಣದ ತಳ. ಸಮುದ್ರದ ಮೇಲೆ ಹಿಮಗಡ್ಡೆ ತೇಲುತ್ತಿದ್ದರೆ ವಾತಾವರಣದ ತಳ ಹಿಮದ ನೆತ್ತಿ, ನೀರಿನ ನೆತ್ತಿಯಲ್ಲ. ಗಾಳಿ ಹಿಮವನ್ನು ಎಳೆಯುತ್ತದೆ, ನೀರನ್ನು ಎಳೆಯುವುದು ಹಿಮ. ಹಾಗಾಗಿ ಆರನೆಯ ಸುತ್ತಿಗೆ ಅದು ‘ಡೌನ್‌ವರ್ಡ್ ಎಕ್ಸ್ ಸ್ಟ್ರೆಸ್ ಅಟ್ ಸೀ ವಾಟರ್ ಸರ್ಫೇಸ್’ ಆಯಿತು. ‘ವಿಂಡ್’ ಎಂಬ ಪದ ಈ ಹೆಸರುಗಳಲ್ಲಿ ಎಲ್ಲೂ ಇಲ್ಲದಿರುವುದಕ್ಕೆ ಅರ್ಥ ಆಗ ಹೊಳೆಯುತ್ತದೆ: ನೀರನ್ನು ಎಳೆಯುವುದು ಯಾವಾಗಲೂ ಗಾಳಿಯೇ ಅಲ್ಲ.

ಇಷ್ಟೆಲ್ಲ ಹೆಸರು ಗೊತ್ತಿದ್ದರೂ ಹೊಸ ಫೈಲು ಕೈಗೆ ಬಂದರೆ ನಾನು ಮೊದಲು ಮಾಡುವುದು ಒಂದೇ ಕೆಲಸ. ಜುಲೈ ತಿಂಗಳು, ಉತ್ತರ ಅಕ್ಷಾಂಶ 12, ಪೂರ್ವ ರೇಖಾಂಶ 60ಕ್ಕೆ ಹೋಗಿ ನೋಡುತ್ತೇನೆ. ಸೋಮಾಲಿಯಾದಿಂದ ನಮ್ಮ ಕಡೆ ಮುಂಗಾರು ಧಾವಿಸುವ ಹಾದಿ ಅದು. ಅಲ್ಲಿ ಪೂರ್ವದ ಅಂಕಿ, ಉತ್ತರದ ಅಂಕಿ ಎರಡೂ ಪ್ಲಸ್ ಇದ್ದು, ದಶಾಂಶ ಬಿಂದುವಿನ ಮುಂದೆ ಸೊನ್ನೆ ಇದ್ದರೆ ಮುಂದಿನ ಸಾಲು ಬರೆಯುತ್ತೇನೆ. ಇಲ್ಲದಿದ್ದರೆ ಆ ಚೀಟಿಯನ್ನು ಮತ್ತೆ ಮೊದಲಿನಿಂದ ಓದುತ್ತೇನೆ, ಈ ಸಲ ಏಕಮಾನದ ಸಾಲನ್ನೂ ಸೇರಿಸಿ.