ಕಾವು, ಹಿಡಿ ಮತ್ತು ಮರದ ಗಂಟು: ಮದ್ದೂರು ಸೀಮೆಯ ಉಪಕರಣಗಳನ್ನು ಕುರಿತು

ಜನಪದರ ಭೌತಿಕ ಸಂಸ್ಕೃತಿಯ ಅಧ್ಯಯನದಲ್ಲಿ ಉಪಕರಣದ ಅಲಗಿಗೆ ದೊರೆತಷ್ಟು ಗಮನ ಅದರ ಹಿಡಿಗೆ ದೊರೆತಿಲ್ಲ. ಅಲಗು ಕಮ್ಮಾರನ ಕುಲುಮೆಯಿಂದ ಬರುತ್ತದೆ. ಹಿಡಿಯಾದರೋ ಸುತ್ತಲಿನ ಮರಗಳ ಗುಣ ಬಲ್ಲವರ ತಿಳಿವಳಿಕೆಯಿಂದ ರೂಪುಗೊಳ್ಳುತ್ತದೆ. ಈ ತಿಳಿವಳಿಕೆಯಲ್ಲಿ ಮರದ ಗಂಟಿನ ಸ್ಥಾನವೇನು ಎಂಬುದನ್ನು, ಮದ್ದೂರು ತಾಲ್ಲೂಕಿನ ವೈದ್ಯನಾಥಪುರದ ಆಸುಪಾಸಿನ ಶಿಂಷಾ ತೀರದ ಕೃಷಿ ಪರಿಸರವನ್ನು ಮುಂದಿಟ್ಟುಕೊಂಡು ಇಲ್ಲಿ ವಿವೇಚಿಸಲಾಗಿದೆ.

ವಿಶ್ವೇಶ್ವರಯ್ಯ ನಾಲೆಯ ನೀರು ಹಾಗೂ 1933ರಲ್ಲಿ ಮಂಡ್ಯದಲ್ಲಿ ಸ್ಥಾಪನೆಗೊಂಡ ಮೈಸೂರು ಸಕ್ಕರೆ ಕಂಪನಿ ಈ ಸೀಮೆಯಲ್ಲಿ ಕಬ್ಬಿನ ಬೇಸಾಯವನ್ನು ವಿಸ್ತರಿಸಿದವು. ಭತ್ತ, ರಾಗಿಯ ಕುಡುಗೋಲಿನ ಜೊತೆಗೆ ಕಬ್ಬು ಕಡಿಯುವ ಮಚ್ಚಿಗೂ ಬೇಡಿಕೆ ಹೆಚ್ಚಿತು. ಕನ್ನಡದಲ್ಲಿ ಕೊಡಲಿಗೆ ಇರುವುದು ಕಾವು, ಕುಡುಗೋಲು ಮತ್ತು ಚಾಕುವಿಗೆ ಇರುವುದು ಹಿಡಿ. ಈ ಪದಭೇದವು ಕೆಲಸದ ಭೇದವನ್ನೂ ಸೂಚಿಸುತ್ತದೆ. ‘ಕೊಡಲಿ ಕಾವು ಕುಲಕ್ಕೆ ಸಾವು’ ಎಂಬ ಗಾದೆ ಕಾವಿನ ಮಹತ್ವಕ್ಕೆ ಸಾಕ್ಷಿ: ಕಾವಿಲ್ಲದ ಕೊಡಲಿ ಮರವನ್ನು ಕಡಿಯಲಾರದು. ಪೆಟ್ಟಿನ ಭಾರ ಹೊರುವ ಕಾವಿಗೆ ಜಾಲಿಯಂತಹ ಗಟ್ಟಿಮರದ ನೇರ ಎಳೆಯ ತುಂಡೇ ತಕ್ಕುದು. ಕೊಂಬೆ ಮೂಡಿದ ಕಡೆಯ ಗಂಟು ಅಲ್ಲಿ ದೋಷ. ಎಳೆಯ ಓಟ ಅಲ್ಲಿ ಕಡಿದುಹೋಗಿ ಕಾವು ಮುರಿಯುತ್ತದೆ.

ಆದರೆ ಹಳೆಯ ಬೇವು, ಹುಣಸೆ ಮರಗಳ ಬೊಡ್ಡೆಯಲ್ಲಿ ಉಬ್ಬಿಕೊಳ್ಳುವ ಗಂಟು ಬೇರೆ ಬಗೆಯದು. ಗಾಯ, ಸೋಂಕು ಮೊದಲಾದ ಒತ್ತಡಗಳಿಂದ ಒಂದೇ ಕಡೆ ಅಸಂಖ್ಯ ಸುಪ್ತ ಮೊಗ್ಗುಗಳು ಒತ್ತರಿಸಿ, ಎಳೆಗಳು ಅವುಗಳ ಸುತ್ತ ಸುರುಳಿಗೊಂಡು ಬೆಳೆಯುತ್ತವೆ. ಎಳೆಗೆ ಒಂದೇ ದಿಕ್ಕು ಇಲ್ಲದ್ದರಿಂದ ಅದು ಸುಲಭವಾಗಿ ಸೀಳುವುದಿಲ್ಲ. ಆದರೆ ಬಾಗುವ ಬಲ ಕಡಿಮೆ. ಆದಕಾರಣ ಅದು ಕಾವಿಗೆ ಸಲ್ಲದು, ಚಾಕುವಿನ ಗಿಡ್ಡ ಹಿಡಿಗೆ ಸಲ್ಲುತ್ತದೆ. ಹೆಣೆದುಕೊಂಡ ಎಳೆಯ ಈ ಗುಣವನ್ನು ಜನಪದರು ಇನ್ನೊಂದೆಡೆ ಚೆನ್ನಾಗಿ ಗುರುತಿಸಿದ್ದಾರೆ: ಮಾಂಸ ಕಡಿಯಲು ಹುಣಸೆಯ ಕೊರಡನ್ನೇ ಆರಿಸುವುದು ಈ ಕಾರಣದಿಂದಲೇ.

ಗಂಟನ್ನು ಕೊಯ್ಯುವುದಕ್ಕೂ ಕ್ರಮವಿದೆ. ಜೀವಂತ ಮರದಿಂದ ಅದನ್ನು ಕೆತ್ತಿದರೆ ದೊಡ್ಡ ಗಾಯವಾಗಿ ಕೊಳೆ ಹಿಡಿಯುತ್ತದೆ. ಬಿದ್ದ ಅಥವಾ ಒಣಗಿದ ಮರವೇ ಲೇಸು. ಮೊಗ್ಗುಗಳು ಬೆಳೆದ ದಿಕ್ಕಿಗೆ ಅಡ್ಡಲಾಗಿ ಕೊಯ್ದರೆ ಹಲಗೆಯ ಮೇಲೆ ಕಣ್ಣುಗಳ ಚಿತ್ತಾರ ಕಾಣುತ್ತದೆ, ಉದ್ದಕ್ಕೆ ಕೊಯ್ದರೆ ಗೆರೆಗಳು ಕಾಣುತ್ತವೆ. ಹಸಿ ತುಂಡು ಎಲ್ಲ ದಿಕ್ಕಿಗೂ ಅಸಮವಾಗಿ ಕುಗ್ಗುವುದರಿಂದ ಬಿಸಿಲಿಗೆ ಇಡಬಾರದು. ಮೈಗೆ ಮೇಣ ಸವರಿ ನೆರಳಿನಲ್ಲಿ ನಿಧಾನವಾಗಿ ಆರಿಸಬೇಕು. ಒಂದು ಅಂಗುಲ ದಪ್ಪಕ್ಕೆ ಸುಮಾರು ಒಂದು ವರ್ಷ ಎಂಬುದು ಬಡಗಿಗಳ ಸ್ಥೂಲ ಲೆಕ್ಕ.

ಹಿಡಿ ಕೂಡಿಸುವ ವಿಧಾನಗಳು ಎರಡು. ಕುಡುಗೋಲಿನ ಬಗೆಯಲ್ಲಿ ಅಲಗಿನ ಮೊನಚಾದ ಬಾಲವನ್ನು ಕಾಯಿಸಿ ಮರದೊಳಕ್ಕೆ ಇಳಿಸಿ, ಬಾಯಿಗೆ ಕಬ್ಬಿಣದ ಬಳೆ ತೊಡಿಸುತ್ತಾರೆ. ಗಂಟಿನ ತುಂಡಿನೊಳಗೆ ಕಣ್ಣಿಗೆ ಕಾಣದ ಬಿರುಕುಗಳಿರಬಹುದಾದ್ದರಿಂದ ಈ ಪೆಟ್ಟು ಅದಕ್ಕೆ ಅಪಾಯಕರ. ಅಲಗಿನ ಅಗಲವಾದ ಬಾಲದ ಇಕ್ಕೆಲಕ್ಕೆ ಎರಡು ಹೋಳುಗಳನ್ನಿಟ್ಟು ಕಡಾಣಿ ಬಡಿಯುವ ವಿಧಾನವೇ ಅದಕ್ಕೆ ಒಪ್ಪುತ್ತದೆ. ಇಂದು ಕೈಕೆಲಸದ ಚಾಕು ತಯಾರಕರು ನಿರ್ವಾತದಲ್ಲಿ ರಾಳ ತುಂಬಿಸಿ ಗಂಟನ್ನು ಗಟ್ಟಿಗೊಳಿಸುವುದೂ ಉಂಟು.

ನೆರೆಯ ಚನ್ನಪಟ್ಟಣದ ಬೊಂಬೆ ಕಸುಬಿನೊಡನೆ ಹೋಲಿಸಿದರೆ ವಿಷಯ ಸ್ಪಷ್ಟವಾಗುತ್ತದೆ. ಅಲ್ಲಿ ನಯವಾದ, ಸಮ ಎಳೆಯ ಆಲೆ ಮರವೇ ಬೇಕು. ಚೆಲುವನ್ನು ಅರಗಿನ ಬಣ್ಣ ಕೊಡುತ್ತದೆ. ಗಂಟಿನ ಹಿಡಿಯಲ್ಲಿ ಚೆಲುವು ಮರದ ಒಳಗಿನದೇ. ಒಂದು ಕಸುಬಿನ ದೋಷ ಇನ್ನೊಂದರ ಗುಣ.

1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಅಧಿನಿಯಮದ ಪ್ರಕಾರ, ವಿನಾಯಿತಿ ಪಡೆದ ಜಾತಿಗಳನ್ನು ಬಿಟ್ಟು ಇತರ ಮರಗಳನ್ನು ಕಡಿಯಲು ಅನುಮತಿ ಅಗತ್ಯ. ಆದುದರಿಂದ ಹಳೆಯ ಮರ ಉರುಳಿದಾಗ ಅದರ ಗಂಟನ್ನು ಸೌದೆಗೆ ಹಾಕದೆ ಉಳಿಸಿಕೊಳ್ಳುವುದೇ ಉಚಿತ ಮಾರ್ಗ.

ಕಬ್ಬಿಣ ಉಳಿಯುತ್ತದೆ, ಹಿಡಿ ಸವೆದು ಬದಲಾಗುತ್ತದೆ. ಅದರೊಡನೆ ಮರವನ್ನು ಆರಿಸಿದ ಕಾರಣವೂ ಮರೆಯಾಗುತ್ತದೆ. ಮೈಸೂರು ವಿಶ್ವವಿದ್ಯಾನಿಲಯದ ಜಾನಪದ ವಸ್ತುಸಂಗ್ರಹಾಲಯ, ರಾಮನಗರದ ಜಾನಪದ ಲೋಕ ಮೊದಲಾದೆಡೆ ಸಂರಕ್ಷಿತವಾಗಿರುವ ಇಂತಹ ಉಪಕರಣಗಳನ್ನು ಅಧ್ಯಯನಕ್ಕೆ ಒಳಪಡಿಸುವವರು ಅಲಗಿನ ಅಳತೆಯ ಜೊತೆಗೆ ಹಿಡಿಯ ಮರದ ಜಾತಿ, ಎಳೆಯ ದಿಕ್ಕು, ಕೂಡಿಸಿದ ವಿಧಾನ ಇವುಗಳನ್ನೂ ದಾಖಲಿಸಬೇಕು. ಆಗ ಮಾತ್ರ ಉಪಕರಣವೊಂದರ ದಾಖಲೆ ಪೂರ್ಣವಾದೀತು.