ಜುಟ್ಟಿನ ಹಕ್ಕಿ ಯಾವುದು?

ಪ್ರಶ್ನೆ: ಜೂನ್ ಮೊದಲ ವಾರ ಮುಂಬೈನ ಆರೆ ಕಾಲೊನಿಯಲ್ಲಿ ತಲೆಯ ಮೇಲೆ ಜುಟ್ಟು ಇದ್ದ ಕಪ್ಪು-ಬಿಳುಪು ಹಕ್ಕಿ ಕಂಡೆ. ಪಿಕಳಾರವೇ?

ಉತ್ತರ: ಅಲ್ಲ, ನೀವು ಕಂಡದ್ದು ಚಾತಕ. ಪಿಕಳಾರ ಗಿಡ್ಡ, ಚಾತಕ ಉದ್ದ ಬಾಲವೂ ಸೇರಿ ಸುಮಾರು 33 ಸೆಂ.ಮೀ. ಬೆನ್ನು ಕಪ್ಪು, ಹೊಟ್ಟೆ ಬಿಳುಪು. ಹಾರುವಾಗ ರೆಕ್ಕೆಯಲ್ಲೊಂದು ಬಿಳಿ ಮಚ್ಚೆ, ಬಾಲದ ಗರಿಗಳಿಗೆ ಬಿಳಿ ತುದಿ ಕಂಡರೆ ಅನುಮಾನವೇ ಬೇಡ.

ದಕ್ಷಿಣ ಭಾರತದಲ್ಲಿ ವರ್ಷವಿಡೀ ಇರುವ ಚಾತಕಗಳೂ ಉಂಟು. ಮುಂಗಾರಿನ ಹೊತ್ತಿಗೆ ಮುಂಬೈಗೆ ಬರುವವು ಆಫ್ರಿಕಾದಿಂದ ಅರಬ್ಬಿ ಸಮುದ್ರ ದಾಟಿ ಬರುವ ವಲಸಿಗರು. ನಗರಕ್ಕೆ ಮಳೆ ಕಾಲಿಡುವ ವಾಡಿಕೆಯ ದಿನ ಜೂನ್ 11. ಅದರ ಆಸುಪಾಸಿನಲ್ಲೇ ಇವುಗಳ ಕೂಗು ಶುರು. ಮಳೆಹನಿಯನ್ನಷ್ಟೇ ಕುಡಿಯುತ್ತದೆ ಎಂಬುದು ಕವಿಗಳ ಮಾತು. ಅದಕ್ಕೆ ನಿಜವಾಗಿ ಬೇಕಿರುವುದು ಮಳೆಗೆ ಚಿಗುರಿದ ಗಿಡದ ಕಂಬಳಿಹುಳು, ಜೊತೆಗೆ ಹರಟೆಮಲ್ಲರ ಗೂಡು!

ಗಂಡು ಹರಟೆಮಲ್ಲರನ್ನು ಕೆಣಕಿ ದೂರ ಸೆಳೆದರೆ, ಹೆಣ್ಣು ಕ್ಷಣದಲ್ಲೇ ಗೂಡಿಗೆ ನುಗ್ಗಿ ಮೊಟ್ಟೆಯಿಟ್ಟು ಹಾರುತ್ತದೆ. ಮೊಟ್ಟೆಯ ಬಣ್ಣವೂ ಹರಟೆಮಲ್ಲರ ಮೊಟ್ಟೆಯದೇ ಹಸಿರುಛಾಯೆಯ ನೀಲಿ. ಕೋಗಿಲೆ ಬಳಗದ ಕೆಲವು ಮರಿಗಳು ಮನೆಮಕ್ಕಳನ್ನೇ ಗೂಡಿನಿಂದ ಹೊರದೂಡುತ್ತವೆ. ಚಾತಕದ ಮರಿ ಅಷ್ಟು ಕಟುಕನಲ್ಲ, ಅವುಗಳ ಜೊತೆಗೇ ಬೆಳೆಯುತ್ತದೆ. ಆಗಸ್ಟ್‌ನಲ್ಲಿ ಅದೇ ಪೊದೆಗಳತ್ತ ಹೋಗಿ. ಗದ್ದಲದ ಹರಟೆಮಲ್ಲರ ಗುಂಪಿನಲ್ಲಿ ಬೇರೆಯೇ ರೂಪದ ಮರಿಯೊಂದು ಬಾಯ್ತೆರೆದು ತುತ್ತು ಬೇಡುತ್ತಿರಬಹುದು.

ರೆಕ್ಕೆ ಇಟ್ಟಿಗೆಗೆಂಪಾಗಿದ್ದು, ಕತ್ತಿನ ಹಿಂದೆ ಬಿಳಿ ಪಟ್ಟಿಯಿದ್ದರೆ ಅದು ಚಾತಕದ ದೊಡ್ಡ ದಾಯಾದಿ. ಮುಂಬೈನಲ್ಲಿ ಅಪರೂಪ, ಕಂಡರೆ ಫೋಟೊ ತೆಗೆದು ಕಳಿಸಿ.