ತಾರೆಯ ಮುಂದಣ ತೆರೆ

ನಕ್ಷತ್ರವೆಂದರೆ ಕ್ಷಯಿಸದುದು ಎಂಬ ನಿರುಕ್ತಿಯನ್ನು ಮೂವತ್ತು ವರ್ಷ ತರಗತಿಯಲ್ಲಿ ಹೇಳಿಕೊಂಡು ಬಂದವನು ನಾನು. ನಿವೃತ್ತನಾದ ಮೇಲೆ ಖಗೋಳದ ಪುಸ್ತಕಗಳನ್ನೋದುವ ಹುಚ್ಚು ಹತ್ತಿತು. ಈಗ ಆ ಪಾಠಕ್ಕೊಂದು ತಿದ್ದುಪಡಿ ಹೇಳಬೇಕಾಗಿದೆ.

ಷಣ್ಮುಖನಿಗೆ ಹಾಲೂಡಿದ ಕೃತ್ತಿಕೆಯರನ್ನು ಎಲ್ಲರೂ ಬಲ್ಲರು. ಆ ಗುಂಪಿನಲ್ಲಿ ಪ್ಲಿಯೋನೆ ಎಂಬ ಮಸುಕು ತಾರೆಯೊಂದುಂಟು. ನಮ್ಮಿಂದ ಸುಮಾರು 440 ಜ್ಯೋತಿರ್ವರ್ಷ ದೂರ. ಪಕ್ಕದ ಅಟ್ಲಾಸ್ ತಾರೆಯ ಪ್ರಭೆಯಲ್ಲಿ ಬರಿಗಣ್ಣಿಗೆ ಅದು ಬೇರೆಯಾಗಿ ತೋರುವುದು ಕಷ್ಟ. ಪೊರೆ ಬಂದ ನನ್ನ ಕಣ್ಣಿಗಂತೂ ಇಲ್ಲವೇ ಇಲ್ಲ. ಆದರೆ ಅದರ ಬೆಳಕನ್ನು ಬಣ್ಣಬಣ್ಣವಾಗಿ ಬಿಡಿಸಿದರೆ, ಆ ರೋಹಿತದಲ್ಲಿ ಓದಲು ಬೇಕಾದಷ್ಟಿದೆ.

ಸಾಮಾನ್ಯ ತಾರೆಯ ರೋಹಿತದಲ್ಲಿ ಕಪ್ಪುಗೆರೆಗಳಿರುತ್ತವೆ. ಒಳಗಿನ ಬೆಳಕು ಹೊರಪದರದ ಅನಿಲವನ್ನು ಹಾದುಬರುವಾಗ ಆಯಾ ಮೂಲವಸ್ತು ತನಗೆ ಸಲ್ಲುವ ಬಣ್ಣವನ್ನು ಸುಂಕದಂತೆ ಹಿಡಿದುಕೊಳ್ಳುತ್ತದೆ. 1866ರಲ್ಲಿ ರೋಮಿನ ಪಾದ್ರಿ ಆಂಜೆಲೊ ಸೆಕ್ಕಿ ಕ್ಯಾಸಿಯೋಪಿಯ ಪುಂಜದ ಗಾಮಾ ತಾರೆಯನ್ನು ನೋಡಿದಾಗ, ಜಲಜನಕದ ಕಪ್ಪುಗೆರೆ ಇರಬೇಕಾದೆಡೆ ಹೊಳೆಯುವ ಗೆರೆ ಕಂಡಿತು. 1931ರಲ್ಲಿ ಆಟೊ ಸ್ಟ್ರೂವ್ ಇದಕ್ಕೊಂದು ಕಾರಣ ಸೂಚಿಸಿದರು: ಇಂಥ ತಾರೆಗಳು ಮಹಾವೇಗದಿಂದ ತಿರುಗುತ್ತವೆ, ನಡುಪಟ್ಟಿಯಿಂದ ಹೊರಬಿದ್ದ ಅನಿಲ ಸುತ್ತಲೂ ಬಳೆಯಾಗಿ ನಿಲ್ಲುತ್ತದೆ. ಸೂರ್ಯನ ನಡುಪಟ್ಟಿ ಸೆಕೆಂಡಿಗೆ ಸುಮಾರು 2 ಕಿಲೋಮೀಟರು ಸರಿದರೆ, ಪ್ಲಿಯೋನೆಯದು 300ಕ್ಕೂ ಹೆಚ್ಚು.

ಮುಂದಿನದು ಓಲೆಗರಿ ಓದಿದವರಿಗೆ ರುಚಿಸುವ ಭಾಗ. ಮೂಲ ಪದ್ಯ, ಅದರ ಟೀಕು ಎರಡೂ ಒಂದೇ ಗರಿಯಲ್ಲಿ ಬೆರೆತಿದ್ದರೆ ಬೇರ್ಪಡಿಸುವುದೆಂತು? ತಿರುಗುವ ತಾರೆಯ ಒಂದು ಅಂಚು ನಮ್ಮತ್ತ ಬರುತ್ತಿರುತ್ತದೆ, ಇನ್ನೊಂದು ದೂರ ಸರಿಯುತ್ತಿರುತ್ತದೆ. ಬರುವುದರ ಗೆರೆ ನೇರಿಳೆಯ ಕಡೆಗೆ, ಹೋಗುವುದರ ಗೆರೆ ಕೆಂಪಿನ ಕಡೆಗೆ ಜರುಗಿ, ತಾರೆಯ ಸ್ವಂತ ಕಪ್ಪುಗೆರೆ ಅಗಲವಾಗಿ ಹರಡಿಹೋಗುತ್ತದೆ. ಬಳೆಯ ಎರಡು ಪಕ್ಕದ ಅನಿಲ ಹೊಳೆದು ಎರಡು ಬೆಳ್ಗೆರೆಗಳನ್ನು ಕೊಡುತ್ತದೆ. ತಾರೆಯ ಮುಂದೆ ಬಂದ ಅನಿಲವೋ, ನಮ್ಮ ನೋಟಕ್ಕೆ ಅಡ್ಡಲಾಗಿ ಚಲಿಸುವುದೇ ಹೊರತು ಹತ್ತಿರ ಬಾರದು, ದೂರ ಹೋಗದು. ಆದುದರಿಂದ ಅದು ಬರೆದ ಕಪ್ಪುಗೆರೆ ಕಂಟದಿಂದ ಕೊರೆದಷ್ಟು ಸಣ್ಣ, ಚೂಪು. ಅಗಲ ಗೆರೆ ತಾರೆಯದು, ಸೂಕ್ಷ್ಮ ಗೆರೆ ತೆರೆಯದು.

ಈ ಟೀಕು ಆಗಾಗ ಬದಲಾಗುತ್ತದೆ ಎಂಬುದೇ ಸೋಜಿಗ. 19ನೆಯ ಶತಮಾನದ ಕೊನೆಯಲ್ಲಿ ಪ್ಲಿಯೋನೆಯಲ್ಲಿ ಕಂಡಿದ್ದ ಬೆಳ್ಗೆರೆಗಳು ಮುಂದಿನ ಶತಮಾನದ ಮೊದಲಲ್ಲಿ ಅಳಿದುಹೋದವು. 1938ರಲ್ಲಿ ತೆರೆ ಕವಿಯಿತು. 1950ರ ದಶಕದಲ್ಲಿ ಚದುರಿತು. 1972ರಲ್ಲಿ ಪುನಃ ಬಂದಿತು. 218 ದಿನಕ್ಕೊಮ್ಮೆ ಸುತ್ತುವ ಸಂಗಾತಿಯೊಂದು ಬಳೆಯನ್ನು ಓಲಾಡಿಸುತ್ತಿದೆ, ಬಳೆ ನಮಗೆ ಅಂಚು ತೋರಿದಾಗ ತೆರೆ ಅಡ್ಡ ಬರುತ್ತದೆ ಎಂದು 2007ರಲ್ಲಿ ಬಂದ ಒಂದು ವಿವರಣೆ.

ನಾನು ಪಾಠ ಹೇಳುತ್ತಿದ್ದ ವರ್ಷಗಳಲ್ಲಿಯೇ 1972ರ ತೆರೆ ಜಾರಿ, 2005ರ ಸುಮಾರಿಗೆ ಇನ್ನೊಂದು ಕವಿಯಿತು. ನನ್ನ ಹಳೆಯ ವಿದ್ಯಾರ್ಥಿಗಳು ಯಾರಾದರೂ ಕೇಳುತ್ತಿದ್ದರೆ, ಟಿಪ್ಪಣಿಯಲ್ಲಿ ಆ ನಿರುಕ್ತಿಯ ಪಕ್ಕಕ್ಕೆ ಒಂದು ಪ್ರಶ್ನಾರ್ಥಕ ಚಿಹ್ನೆ ಹಾಕಿಕೊಳ್ಳಲಿ.